ವಾಲದ ಗಾಡಿ

ಮುರಗೋಡ ದಾಟಿದ ಮೇಲೆ ಬರುವ ದೊಡ್ಡ ತಿರುವಿನಲ್ಲಿ ಮಾಂತೇಶ ಬೇಕೆಂದೇ ವೇಗ ಇಳಿಸಲಿಲ್ಲ. ಗಾಡಿ ಒಂದಿಷ್ಟೂ ಮಗ್ಗುಲಾಗದೆ ಮಟ್ಟಸವಾಗಿ ತಿರುಗಿತು. ಅವನು ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದ. ಎಡಕ್ಕೆ ಎಂಟು ತಿಂಗಳ ಬಸುರಿ ಹೆಂಡತಿ ಸಪ್ನಾ, ಬಲಕ್ಕೆ ಅವಳ ತಾಯಿ ಸೋಮವ್ವ. ಇಬ್ಬರೂ ಕೂತಲ್ಲಿಂದ ಮಿಸುಕಿರಲಿಲ್ಲ.

"ನೋಡಿದ್ರೇನ್ರಿ ಅತ್ತಿ? ಒಂದ ಚೂರರೆ ವಾಲಿತೇನು?" ಎಂದ.

ವಾಲಲಿಲ್ಲ ಎಂದು ಸೋಮವ್ವ ಒಪ್ಪಿಕೊಂಡಳು. ಆ ಒಂದು ಮಾತಿಗಾಗಿ ಅವನು ಹದಿನೈದು ದಿನ ಒದ್ದಾಡಿದ್ದ. ಕಳೆದ ದಸರೆಗೆ ಇದೇ ಗಾಡಿಯಲ್ಲಿ ಬಂದಿದ್ದ ಮಾವ ಶಂಕರೆಪ್ಪ ಸವದತ್ತಿಯಿಂದ ಬೈಲಹೊಂಗಲದವರೆಗೂ ಬಾಗಿಲ ಮೇಲಿನ ಹಿಡಿಕೆಯನ್ನು ಬಿಟ್ಟಿರಲಿಲ್ಲ. ಇಳಿದವನೇ, ಬೀಗರೆಲ್ಲ ಕೂತಲ್ಲಿ, ಇದು ತಿರುವು ಬಂದಲ್ಲೆಲ್ಲ ವಾಲಾಡುವ ಗಾಡಿ, ಮಗಳನ್ನು ಹೆರಿಗೆಗೆ ಕರೆದೊಯ್ಯಲು ನಾನೇ ಬೇರೆ ಗಾಡಿ ಕಳಿಸುತ್ತೇನೆ ಅಂದುಬಿಟ್ಟಿದ್ದ. ಗಾಡಿಗೆ ಹೆಸರಿಟ್ಟು ಹೀಗಳೆದರೆ ಅಳಿಯನಿಗೇ ಹೆಸರಿಟ್ಟ ಹಾಗೆ. ಮಾಂತೇಶ ಅಂದು ಸರಿಯಾಗಿ ಉಣ್ಣಲೂ ಇಲ್ಲ. ಕುಬಸ, ಅಂದರೆ ಸೀಮಂತ, ಮುಗಿಸಿಕೊಂಡು ಹೆಂಡತಿ ಸವದತ್ತಿಯ ತವರಿಗೆ ಹೋದರೆ ಈ ಗಾಡಿಯಲ್ಲೇ ಹೋಗಬೇಕು ಎಂದು ಹಟ ಹಿಡಿದ.

ಬೈಲಹೊಂಗಲದ ಗ್ಯಾರೇಜಿನ ಶಿವಲಿಂಗನ ಕಡೆ ಹಿಂದಿನ ಗಾಲಿಗಳಿಗೆ ಸ್ವೇ ಬಾರ್ ಹಾಕಿಸಿದ್ದು ಅದಕ್ಕಾಗಿಯೇ. ಎಡಗಾಲಿ ಬಲಗಾಲಿ ಎರಡನ್ನೂ ಸೇರಿಸಿ ಕಟ್ಟುವ ಉಕ್ಕಿನ ಸರಳು ಅದು. ಗಾಡಿ ಒಂದು ಮಗ್ಗುಲಿಗೆ ಇಳಿಯಹೊರಟರೆ ಜಗ್ಗಿ ಹಿಡಿಯುತ್ತದೆ. ಪುಣೆಯಿಂದ ತರಿಸಿದ ದಪ್ಪನೆಯ ಸರಳು, ತುದಿಯಲ್ಲಿ ಮೂರು ತೂತು. ತೀರ ತುದಿಯ ತೂತಿಗೆ ಹಾಕಿದರೆ ಮೆದು, ಒಳಗಿನದಕ್ಕೆ ಹಾಕಿದರೆ ಬಿಗಿ. ಮೆದು ಸಾಕು, ನಮ್ಮ ದಾರಿಯಲ್ಲಿ ತಿರುವು ನಾಲ್ಕಿದ್ದರೆ ರಸ್ತೆಗೆ ಅಡ್ಡ ಉಬ್ಬಿಸಿದ ಹಂಪು ನಲವತ್ತಿವೆ ಎಂದು ಶಿವಲಿಂಗ ಹೇಳಿದ. ಬಿಗಿಯೇ ಬೇಕೆಂದರೆ ಹಂಪಿನ ಮೇಲೆ ಓರೆಯಾಗಿ ಮಾತ್ರ ಹೋಗಬೇಡ, ಎರಡೂ ಗಾಲಿ ಒಟ್ಟಿಗೇ ಹತ್ತಿಸು ಎಂದೂ ಹೇಳಿದ. ಪುಣೆಯಿಂದ ತರಿಸಿದ್ದನ್ನು ಮೆದು ತೂತಿಗೆ ಹಾಕುವುದಾದರೆ ತರಿಸಿದ್ದಾದರೂ ಯಾಕೆ ಎಂದು ಮಾಂತೇಶ ಕೇಳಿದ. ಶಿವಲಿಂಗ ಬಿಗಿ ತೂತಿಗೇ ಬೋಲ್ಟು ಹಾಕಿದ.

ಈಗ ಮುಂದಿನ ಊರಿನ ಶಾಲೆಯ ಎದುರು ಮೊದಲ ಹಂಪು ಬಂತು. ನಮ್ಮ ಕಡೆ ಹಂಪನ್ನು ಯಾರೂ ನೇರ ದಾಟುವುದಿಲ್ಲ. ಅದರಲ್ಲೂ ಗಾಡಿಯಲ್ಲಿ ಬಸುರಿ ಹೆಂಗಸಿದ್ದರೆ ಒಂದೊಂದೇ ಗಾಲಿಯನ್ನು ಓರೆಯಾಗಿ, ಮೆಲ್ಲಗೆ ಹತ್ತಿಸಿ ಇಳಿಸಬೇಕು. ಕಾಳಜಿ ಅಂದರೆ ಅದೇ. ಮಾಂತೇಶ ಅಷ್ಟೂ ಕಾಳಜಿಯಿಂದ ಸ್ಟಿಯರಿಂಗ್ ಓರೆ ಮಾಡಿದ. ಎಡಗಾಲಿ ಹತ್ತಿದ್ದೇ ತಡ, ಸರಳು ಬಲಗಾಲಿಯನ್ನೂ ಮೇಲಕ್ಕೆ ಜಗ್ಗಿ ಗಾಡಿಯನ್ನೇ ಕುಲುಕಿಸಿತು. ಸಪ್ನಾ ಬಾಗಿಲ ಕಡೆಯಿಂದ ತಾಯಿಯ ಮೈಮೇಲೆ ಬಿದ್ದಳು, ಅಲ್ಲಿಂದ ಮತ್ತೆ ಬಾಗಿಲಿಗೆ. ಅವನಿಗೆ ಶಿವಲಿಂಗನ ಮಾತು ನೆನಪಾಯಿತು, ಆದರೆ ಹತ್ತು ವರ್ಷ ಓರೆ ತಿರುಗಿಸಿದ ಕೈ ಕೇಳಬೇಕಲ್ಲ. ಎರಡನೆಯ ಹಂಪಿಗೂ ಓರೆಯಾಗಿಯೇ ಹೋದ. ಮೂರನೆಯದಕ್ಕೆ ಸಪ್ನಾ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಳು.

"ಗಾಡಿ ನಿಲ್ಲಸ್ರಿ. ನಾ ಇಳೀತೇನಿ."

ಅವನು ಗಾಡಿಯನ್ನು ಬದಿಗೆ ನಿಲ್ಲಿಸಿ, ನೋವೇನಾದರೂ ಇದೆಯೇ ಎಂದು ಕೇಳಿದ. ನೋವೇನೂ ಇಲ್ಲ, ಈ ಗಾಡಿಯಲ್ಲಿ ಕೂರಲು ಹೆದರಿಕೆ ಎಂದಳು ಸಪ್ನಾ. ನೋವಿಲ್ಲ ಎಂದು ಅವನಿಗೆ ಸಮಾಧಾನವಾಯಿತು, ಉಳಿದ ಮಾತಿಗೆ ಅಳು ಬರುವಂತಾಯಿತು. ಐದೇ ನಿಮಿಷ, ಮೆದು ತೂತಿಗೆ ಬದಲಿಸುತ್ತೇನೆ ಎಂದವನೇ ಕುಬಸದಲ್ಲಿ ಆಯೇರಿಯಾಗಿ ಬಂದ ಹೊಸ ಬಿಳಿ ಅಂಗಿಯಲ್ಲೇ ಗಾಡಿಯ ಕೆಳಗೆ ನುಸುಳಿದ. ಗಾಡಿಯಲ್ಲಿ ಇದ್ದದ್ದು ಗಾಲಿ ಬಿಚ್ಚುವ ಪಾನಾ ಒಂದೇ. ಅದು ಆ ಬೋಲ್ಟಿಗೆ ಕೂಡ್ರಲಿಲ್ಲ. ಎಣ್ಣೆ, ಧೂಳು ಮೆತ್ತಿಕೊಂಡು ಹೊರಬರುವಷ್ಟರಲ್ಲಿ ಸೋಮವ್ವ ಕೈ ಮಾಡಿ ಸವದತ್ತಿ ಬಸ್ಸು ನಿಲ್ಲಿಸಿದ್ದಳು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಅಳಿಯಾರ," ಎಂದಳು. "ಬುತ್ತಿ ಗಂಟು ನಿಮ್ಮ ಗಾಡ್ಯಾಗ ಇರಲಿ. ಹಿಂದಿಂದ ಬರ್ರಿ."

ಕಂಡಕ್ಟರ್ ಯಾರನ್ನೋ ಎಬ್ಬಿಸಿ ಬಸುರಿಗೆ ಕಿಟಕಿಯ ಸೀಟು ಕೊಟ್ಟ. ಬಸ್ಸು ಹೊರಟಿತು, ಮಾಂತೇಶ ಹಿಂಬಾಲಿಸಿದ. ಮುಂದಿನ ತಿರುವಿನಲ್ಲಿ ಬಸ್ಸು ಈ ಮಗ್ಗುಲಿಗೆ ಪೂರ್ತಿ ವಾಲಿತು, ಆಮೇಲೆ ಆ ಮಗ್ಗುಲಿಗೆ ವಾಲಿತು, ಯಾರೋ ತೊಟ್ಟಿಲು ತೂಗುತ್ತಿದ್ದ ಹಾಗೆ. ಕಿಟಕಿಯ ಸರಳಿಗೆ ತಲೆಯಾನಿಸಿದ ಸಪ್ನಾ ಅವನಿಗೆ ಕಂಡಳು. ಕಣ್ಣು ಮುಚ್ಚಿದ್ದವು, ಬಾಯಿ ತುಸು ತೆರೆದಿತ್ತು. ಅವನ ಗಾಡಿ ಅದೇ ತಿರುವನ್ನು ಮಟ್ಟಸವಾಗಿ ದಾಟಿತು. ಅಷ್ಟರಲ್ಲಿ ಮಾವನ ಫೋನ್ ಬಂತು.

"ಎಲ್ಲಿದ್ದೀರಿ ಅಳಿಯಾರ? ಗಾಡಿ ವಾಲಾಕತ್ತೈತೇನು?"

"ಇಲ್ರಿ ಮಾವಾರ. ಒಂದ ಚೂರೂ ವಾಲವಲ್ದು."

"ಸಪ್ನಾ ಹ್ಯಾಂಗದಾಳ?"

ಮಾಂತೇಶ ಮುಂದೆ ಹೋಗುತ್ತಿದ್ದ ಬಸ್ಸಿನ ಕಿಟಕಿ ನೋಡಿದ.

"ಆರಾಮ ನಿದ್ದಿ ಹತ್ತೈತ್ರಿ ಆಕಿಗೆ."

ಶಂಕರೆಪ್ಪ ದನಿ ಇಳಿಸಿ ಹೇಳಿದ:

"ಅವತ್ತ ನಾಕ ಮಂದ್ಯಾಗ ನಿಮ್ಮ ಗಾಡಿಗೆ ಹೆಸರಿಟ್ಟೆ, ನನ್ನ ತಪ್ಪಾತು. ಬಾಣಂತನ ಮುಗಿದ ಮ್ಯಾಲ ನನ್ನ ಮೊಮ್ಮಗನ್ನೂ ಇದ ಗಾಡ್ಯಾಗನ ಕರಕೊಂಡ ಹೋಗ್ರಿ."