ಸಂಡಿಗೆ ಕಾಯುತ್ತಿದ್ದವಳು

ಮಗಳು ಹುಟ್ಟುವಾಗಲೇ ಹಾಲಿನಂಥ ಬಿಳುಪು. ಕೂದಲು, ಕಣ್ಣರೆಪ್ಪೆ ಕೂಡ ಬೆಳ್ಳಗೆ. ಬಿಸಿಲಿಗೆ ಬಿಟ್ಟರೆ ಎಲ್ಲರ ಹಾಗೆ ಬಣ್ಣ ತಿರುಗುತ್ತದೆ ಎಂದು ಯಾರೋ ಹೇಳಿದ್ದನ್ನು, ಊರವರ ಬಾಯಿಗೆ ಹೆದರಿದ್ದ ಪುಟ್ಟತಾಯಮ್ಮ ನಂಬಿದಳು. ಪ್ರತಿ ಬೇಸಿಗೆಯಲ್ಲೂ ಮಗಳ ಮೈಗೆ ಹರಳೆಣ್ಣೆ ಹಚ್ಚಿ, ಸಂಡಿಗೆ ಕಾಯುವ ನೆಪದಲ್ಲಿ ತಾರಸಿಯ ಮೇಲೆ ಕೂರಿಸಿ, ಬಾಗಿಲಿಗೆ ಚಿಲಕ ಹಾಕುತ್ತಿದ್ದಳು.

"ಮೈಯೆಲ್ಲಾ ಉರೀತದೆ, ಬಾಗ್ಲು ತೆಗ್ಯಮ್ಮಾ..."

ತಾಯಿ ಮೆಟ್ಟಿಲ ಮೇಲೆ ಕೂತು ತಾನೂ ಅಳುತ್ತಿದ್ದಳೇ ಹೊರತು ಚಿಲಕ ತೆಗೆಯುತ್ತಿರಲಿಲ್ಲ.

ಈಗ ಮಗಳಿಗೆ ಇಪ್ಪತ್ತೆಂಟು. ಕುತ್ತಿಗೆಯ ಮೇಲಿನ ಮಾಯದ ಹುಣ್ಣು ಕ್ಯಾನ್ಸರ್ ಎಂದರು ಡಾಕ್ಟರಮ್ಮ.

"ಈ ಬಿಳುಪು ಅಪ್ಪ-ಅಮ್ಮ ಇಬ್ಬರ ಕಡೆಯಿಂದ್ಲೂ ಬಂದಿರೋದು, ಅದು ಯಾರ ತಪ್ಪೂ ಅಲ್ಲ. ಆದ್ರೆ ಇಂಥ ಚರ್ಮಕ್ಕೆ ಬಿಸಿಲೇ ವಿಷ. ಚಿಕ್ಕಂದಿನಿಂದ್ಲೇ ಸುಟ್ಟುಹೋಗಿದೆ. ಅಷ್ಟು ಬಿಸಿಲಿಗೆ ಬಿಡ್ತಿದ್ದೋರು ಯಾರು?"

ಪುಟ್ಟತಾಯಮ್ಮ ಕುರ್ಚಿಯ ತುದಿಗೆ ಸರಿದಳು. "ನಾ... ನಾನು..."

ಮಗಳು ಮೇಜಿನ ಕೆಳಗೆ ತಾಯಿಯ ಕೈ ಅದುಮಿ ಹಿಡಿದಳು.

"ಅಮ್ಮ ಬಾಗ್ಲು ತೆಗೆದಿಟ್ಕೊಂಡು ಕರೀತಾನೇ ಇರ್ತಿದ್ರು ಡಾಕ್ಟ್ರೇ. ನಾನೇ ಒಳಗೆ ಹೋಗ್ತಿರ್ಲಿಲ್ಲ."