ಪ್ರಭಾವಳಿ ಇಲ್ಲದ ಅಜ್ಜಿ

“ಅಜ್ಜಿ ತಲೆ ಹಿಂದೆ ಒಂದು ಪ್ರಭಾವಳಿ ಬರಿಯಯ್ಯಾ, ದೇವ್ರಾಗ್ಲಿ. ಇಲ್ದಿದ್ರೆ ನಾಳೆ ಸುಣ್ಣ ಬಳಿಸ್ತೀನಿ,” ಎಂದು ಗೋಡೆಯ ಮಾಲೀಕ ದೇವೀರಪ್ಪ ಕೆಳಗಿನಿಂದ ಕೂಗಿದಾಗ, ಅಟ್ಟಣಿಗೆಯ ಮೇಲಿದ್ದ ಪೇಂಟರ್ ಚಂದ್ರಯ್ಯನಿಗೆ ಜಗಳಕ್ಕೂ ತ್ರಾಣವಿರಲಿಲ್ಲ. ಅರಸೀಕೆರೆ ಬಸ್‌ಸ್ಟ್ಯಾಂಡಿನ ಪಕ್ಕದ ಆ ಗೋಡೆ ಇಡೀ ಊರಿನ ಗಂಡಸರಿಗೆ ಪುಕ್ಕಟೆ ಮೂತ್ರಾಲಯ. ದೇವರ ಚಿತ್ರಕ್ಕೆ ಮಾತ್ರ ಅವರು ಹೆದರುತ್ತಿದ್ದರು. ಚಂದ್ರಯ್ಯ ಹನ್ನೊಂದು ದಿನ ಬಿಸಿಲಲ್ಲಿ ಬೆಂದು ಬರೆದದ್ದು, ದಾರಿಹೋಕನ ಬೊಗಸೆಗೆ ಮೇಲಿನಿಂದ ನೀರು ಸುರಿಯದೆ, ಕುಲ ಕೇಳದೆ, ಚೊಂಬನ್ನೇ ಅವನ ಕೈಗೆ ಕೊಡುವ ಎರಡಾಳೆತ್ತರದ ಅಜ್ಜಿಯನ್ನು.

“ದೇವ್ರು ಕೊಟ್ರೆ ಅದ್ರಲ್ಲೇನು ಹೆಚ್ಚುಗಾರಿಕೆ, ಸಾವ್ಕಾರ್ರೇ? ಮನುಷ್ಯರು ಕೊಡ್ಬೇಕು.”

“ಮನುಷ್ಯರ ಮೇಲೇ ಹುಯ್ಯೋದು ಕಣಯ್ಯಾ ಇಲ್ಲಿ!”

ಚಂದ್ರಯ್ಯ ನಿಟ್ಟುಸಿರು ಬಿಟ್ಟು ಕುಂಚವನ್ನು ಹಳದಿ ಬಣ್ಣಕ್ಕೆ ಅದ್ದಿದ.

ಅಷ್ಟರಲ್ಲಿ ಹಳೇಬೀಡು ಬಸ್ಸಿನಿಂದ ಇಳಿದ ಇಬ್ಬರಲ್ಲಿ ಒಬ್ಬ ಓಡಿಬಂದು ಗೋಡೆಗೆ ಮುಖಮಾಡಿ ನಿಂತ. ಪ್ಯಾಂಟಿನ ಗುಂಡಿಗೆ ಕೈಹಾಕಿ ತಲೆ ಎತ್ತಿದವನು ಹಾಗೇ ಕೈ ತೆಗೆದ.

“ಯಾಕ್ಲಾ?” ಎಂದ ಜೊತೆಗಾರ.

“ಅಜ್ಜಿ ನೋಡ್ತೈತೆ ಕಣ್ಲಾ. ಆ ಕಡೀಕೆ ನಡಿ.”

ಇಬ್ಬರೂ ಮರೆಯಾಗುವವರೆಗೆ ದೇವೀರಪ್ಪ ನೋಡುತ್ತಲೇ ನಿಂತಿದ್ದ. ಆಮೇಲೆ ಗಂಟಲು ಸರಿಮಾಡಿಕೊಂಡು, “ಪ್ರಭಾವಳಿ ಬ್ಯಾಡ,” ಎಂದ. “ಇಳಿಯಯ್ಯಾ, ಕಾಫಿ ಕುಡಿಯಾಣ.”