ಪಿಂಡ ಮುಟ್ಟುವವಳು

ಕಾಗೆಗಳ ಸಂತತಿ ಅಳಿದ ಮೇಲೆ, ಹೊಳೆದಂಡೆಯಲ್ಲಿ ಪಿಂಡ ಮುಟ್ಟುವ ಕೆಲಸ ರೂಪ ಬದಲಿಸುವವರ ಪಾಲಿಗೆ ಬಂದಿತ್ತು. ರೇವಕ್ಕ ಅದನ್ನು ತಾಯಿಯಿಂದ ಕಲಿತವಳು. ಇವತ್ತು ಆ ತಾಯಿಯದೇ ಪಿಂಡ. ರೇವಕ್ಕನ ತಮ್ಮ ಮಾರಣ್ಣ ಅದನ್ನು ಬಾಳೆಲೆಯ ಮೇಲಿಟ್ಟು ಹಿಂದೆ ಸರಿದು ಕೂತ.

"ಬೇರೆ ಯಾರನ್ನಾದ್ರೂ ಕರೆಸೋ," ಅಂದಳು ರೇವಕ್ಕ.

"ಊರಿಗೆಲ್ಲ ಕಾಗೆ ಆಗ್ತೀಯ. ಅಮ್ಮಂಗೆ ಆಗಕ್ಕಾಗಲ್ವಾ?"

"ಊರೋರು ಅವರಮ್ಮನೇ ಬಂದ್ಲು ಅಂದ್ಕೊಂಡು ಸಮಾಧಾನವಾಗಿ ಮನೆಗೆ ಹೋಗ್ತಾರೆ. ಇಲ್ಲಿ ಬರೋದು ನಾನೇ ಅಂತ ನಿಂಗೂ ಗೊತ್ತು, ನಂಗೂ ಗೊತ್ತು."

"ಯಾರೂ ಮುಟ್ಟದಿದ್ರೆ ಅಮ್ಮ ಇಲ್ಲೇ ಅಲೀತಿರ್ತಾಳೆ ಕಣಕ್ಕ."

ಬಿಸಿಲಿಗೆ ಎಲೆಯ ಅಂಚು ಬಾಡತೊಡಗಿತು. ರೇವಕ್ಕ ಬಂಡೆಯ ಹಿಂದೆ ಹೋಗಿ ಕಾಗೆಯಾಗಿ ಬಂದು, ಕುಪ್ಪಳಿಸುತ್ತ ಎಲೆಯತ್ತ ನಡೆದಳು. ಅಕ್ಕನ ಈ ರೂಪವನ್ನು ಎಂದೂ ನೋಡಿರದ ಮಾರಣ್ಣ ಎದ್ದು ನಿಂತ.

"ಅಮ್ಮನ ಹಂಗೇ ಬಲಗಾಲು ಕುಂಟ್ತಿದೀಯಲ್ಲಕ್ಕ."

ರೇವಕ್ಕ ತನ್ನ ಕಾಲು ನೋಡಿಕೊಂಡಳು. ಅದು ನೆಟ್ಟಗೇ ಇತ್ತು. ನಿಜವಾದ ಕಾಗೆಯನ್ನು ಕಂಡಿರದ ಅವಳು, ಕಾಗೆಗಳು ನಡೆಯುವುದೇ ಹೀಗೆ ಎಂದುಕೊಂಡು ಅಮ್ಮನ ಕುಂಟನ್ನೂ ಕಲಿತಿದ್ದಳು. ಇಷ್ಟು ವರ್ಷ ಊರಿನ ಎಲ್ಲರ ಪಿಂಡದ ಬಳಿಗೂ ಹೀಗೆಯೇ ಹೋಗಿದ್ದಳು.

ಮಾರಣ್ಣ ಕೈಮುಗಿದ. ಅವಳು ಕುಂಟುತ್ತಲೇ ಹೋಗಿ ಪಿಂಡ ಮುಟ್ಟಿದಳು.